ಎಂಟು ಹಡಗಿನ ನೌಕಾಪಡೆಗೆ ಇಷ್ಟೆಲ್ಲ ಕಮಾಂಡ್ ಯಾಕೆ? (ಐರ್ಲೆಂಡ್)

ಕಾರ್ಕ್‌ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಐರ್ಲೆಂಡಿನ ಕಾರ್ಕ್‌ನಲ್ಲಿ. ರಜೆ ದಿನ ರೈಲು ಹತ್ತಿ ಕೋವ್ ಊರಿಗೆ ಹೋದರೆ ಎದುರಿಗೇ ಹಾಲ್‌ಬೋಲಿನ್ ದ್ವೀಪ ಕಾಣುತ್ತದೆ. ಐರಿಶ್ ನೇವಲ್ ಸರ್ವಿಸ್‌ನ, ಅಂದರೆ ಇಲ್ಲಿನ ನೌಕಾಪಡೆಯ, ಏಕೈಕ ನೆಲೆ ಅದು. ಬೂದು ಬಣ್ಣದ ಹಡಗುಗಳು, ಮೂತಿಯ ಪಕ್ಕ ಪಿ61, ಪಿ62 ಅಂತ ದೊಡ್ಡ ಅಕ್ಷರ. ಬಹಳ ಸಲ ಅವು ಕಟ್ಟಿದ ಜಾಗದಲ್ಲೇ ಇರುತ್ತವೆ.

ಕುತೂಹಲಕ್ಕೆ ಇವರ ವ್ಯವಸ್ಥೆ ಬಗ್ಗೆ ಓದಿದೆ. ಎಲ್ಲರ ಮೇಲೆ ಒಬ್ಬ ಫ್ಲ್ಯಾಗ್ ಆಫೀಸರ್, ಕಮೊಡೋರ್ ದರ್ಜೆ. ಅವರ ಕೆಳಗೆ ನೇವಲ್ ಆಪರೇಷನ್ಸ್ ಕಮಾಂಡ್, ನೇವಲ್ ಸಪೋರ್ಟ್ ಕಮಾಂಡ್, ಜೊತೆಗೆ ನೇವಲ್ ಕಾಲೇಜು. ಹಡಗು ಇರುವುದು ಎಂಟು. ಪಡೆಯ ಮಂಜೂರಾದ ಸಂಖ್ಯೆ 1,094, ಕೆಲಸದಲ್ಲಿ ಇರುವವರು ಏಳುನೂರ ಚಿಲ್ಲರೆ. ಇಷ್ಟು ಚಿಕ್ಕ ಪಡೆಗೆ ಎರಡು ಕಮಾಂಡ್ ಬೇಕಾ? ಒಬ್ಬರೇ ಎಲ್ಲ ನೋಡಿಕೊಂಡು, ಉಳಿದವರನ್ನು ಹಡಗಿಗೆ ಹತ್ತಿಸಬಾರದಾ? ಗೊತ್ತಿರುವವರು ಹೇಳಿ.

ನಕ್ಷೆಪ್ರಿಯ
ಒಳ್ಳೆ ಪ್ರಶ್ನೆ. ನನಗೂ ಇದು ಅತಿಯಾಯಿತು ಅಂತಲೇ ಅನಿಸುತ್ತದೆ. ನಮ್ಮ ನೌಕಾಪಡೆಯಲ್ಲಿ ಪಶ್ಚಿಮಕ್ಕೆ ಮುಂಬೈ, ಪೂರ್ವಕ್ಕೆ ವಿಶಾಖಪಟ್ಟಣ, ದಕ್ಷಿಣಕ್ಕೆ ಕೊಚ್ಚಿ. ಅದು ಸಾವಿರಾರು ಕಿಲೋಮೀಟರ್ ಕರಾವಳಿಗೆ. ಇಲ್ಲಿ ಒಂದೇ ದ್ವೀಪದೊಳಗೆ ಎರಡು ಕಮಾಂಡ್.

ಅರ್ಗಾದವ
ನಾನು ಭಾರತೀಯ ನೌಕಾಪಡೆಯಲ್ಲಿ ಇಂಜಿನ್ ರೂಮ್ ಕಡೆ ಕೆಲಸ ಮಾಡಿ ನಿವೃತ್ತನಾದವನು, ಕೊನೆಯ ಪೋಸ್ಟಿಂಗ್ ಕಾರವಾರ. ನೀವಿಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಮುಂಬೈ, ವಿಶಾಖಪಟ್ಟಣ ಅಂತ ಹೇಳುವುದು ಪ್ರದೇಶದ ವಿಭಾಗ. ಐರ್ಲೆಂಡಿನದು ಕೆಲಸದ ವಿಭಾಗ. ಎರಡೂ ಬೇರೆ ಬೇರೆ.

ನಮ್ಮ ಪಶ್ಚಿಮ ಕಮಾಂಡಿನ ಒಳಗೆ ನೋಡಿ. ಅಲ್ಲೂ ಆಪರೇಷನ್ಸ್‌ಗೆ ಒಬ್ಬ ಚೀಫ್ ಸ್ಟಾಫ್ ಆಫೀಸರ್, ಟೆಕ್ನಿಕಲ್‌ಗೆ ಇನ್ನೊಬ್ಬ. ಹಡಗನ್ನು ಕಡಲಿಗೆ ಕಳಿಸುವವನು ಬೇರೆ, ಆ ಹಡಗು ಕಡಲಿಗೆ ಹೋಗುವ ಸ್ಥಿತಿಯಲ್ಲಿದೆಯಾ ಅಂತ ನೋಡುವವನು ಬೇರೆ. ಇದು ಹಡಗು ಎಂಟಿದ್ದರೂ ಬೇಕು, ಎಂಬತ್ತಿದ್ದರೂ ಬೇಕು.

ಯಾಕೆ ಅಂತ ಹೇಳುತ್ತೇನೆ. ಹಡಗು ಗಸ್ತಿನಲ್ಲಿರುವಾಗ ಒಂದು ಜನರೇಟರ್ ಕೈಕೊಟ್ಟಿತು ಅಂದುಕೊಳ್ಳಿ. ನಾವು ಆಪ್‌ಡೆಫ್ ಸಿಗ್ನಲ್ ಹಾಕುತ್ತಿದ್ದೆವು. ಅದರಲ್ಲಿ ಏನು ಕೆಟ್ಟಿದೆ, ಅದರಿಂದ ಹಡಗಿಗೆ ಯಾವ ಕೆಲಸ ಆಗುವುದಿಲ್ಲ, ಯಾವ ಬಿಡಿಭಾಗ ಬೇಕು, ಎಲ್ಲ ಬರೆದಿರುತ್ತದೆ. ಸಿಗ್ನಲ್ ಒಂದೇ, ಓದುವವರು ಇಬ್ಬರು. ಆಪರೇಷನ್ಸ್‌ನವನು "ಇನ್ನೂ ಎರಡು ದಿನ ತಳ್ಳಬಹುದಾ?" ಅಂತ ಕೇಳುತ್ತಾನೆ. ಟೆಕ್ನಿಕಲ್‌ನವನು "ಉಳಿದ ಜನರೇಟರ್ ಮೇಲೆ ಭಾರ ಬೀಳುತ್ತೆ, ವಾಪಸ್ ಕರೆಸಿ" ಅನ್ನುತ್ತಾನೆ. ಇಬ್ಬರೂ ಸರಿ. ಮೇಲಿನವನು ಇಬ್ಬರ ಮಾತೂ ಕೇಳಿ ತೀರ್ಮಾನ ಮಾಡುತ್ತಾನೆ.

ಈ ಎರಡೂ ಕೆಲಸ ಒಬ್ಬನ ಕೈಗೆ ಕೊಟ್ಟರೆ ಆ ಜಗಳ ಅವನ ತಲೆಯೊಳಗೇ ನಡೆದು ಮುಗಿಯುತ್ತದೆ. ಮೇಲಿನವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಒಂದು ದಿನ ಹಡಗು ನಡುಗಡಲಲ್ಲಿ ನಿಂತುಬಿಡುತ್ತದೆ.

ಪ್ರಶ್ನೆಗಾರ
ಸರ್, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ ಹಾಲ್‌ಬೋಲಿನ್‌ನಲ್ಲೂ ಇದೇ ಜಗಳ ಕಮೊಡೋರ್ ಹತ್ತಿರ ಹೋಗುತ್ತದಾ?

ಅರ್ಗಾದವ
ಅವರ ವ್ಯವಸ್ಥೆ ನೋಡಿದರೆ ಹಾಗೇ ಆಗಬೇಕು. ಆಪರೇಷನ್ಸ್ ಕಮಾಂಡ್ ಹಡಗುಗಳ ದಿನನಿತ್ಯದ ಓಡಾಟ ನೋಡಿಕೊಳ್ಳುತ್ತದೆ. ಯಾವ ಹಡಗು ಎಲ್ಲಿ, ಯಾವ ಕೆಲಸಕ್ಕೆ, ಎಷ್ಟು ದಿನ ಅನ್ನುವುದೆಲ್ಲ ಅವರದು. ಸಿಬ್ಬಂದಿ, ಸಾಮಾನು, ರಿಪೇರಿ ಸಪೋರ್ಟ್ ಕಮಾಂಡಿನದು. ಎರಡಕ್ಕೂ ಒಬ್ಬೊಬ್ಬ ಕ್ಯಾಪ್ಟನ್. ಅವರಿಬ್ಬರ ಮೇಲೆ ಕಮೊಡೋರ್. ತುಂಬಾ ಚಪ್ಪಟೆ ವ್ಯವಸ್ಥೆ. ನಮ್ಮಲ್ಲಿ ಒಂದು ಫೈಲು ಹತ್ತುವ ಮೆಟ್ಟಿಲಿಗೆ ಹೋಲಿಸಿದರೆ ಇದು ಏನೇನೂ ಅಲ್ಲ.

ಹಾಸನ್_ಟು_ಡಬ್ಲಿನ್
ತಡೀರಿ, ಚಪ್ಪಟೆ ಅಂತ ಒಪ್ಪಲು ಆಗುವುದಿಲ್ಲ. ಕಮೊಡೋರ್ ಮೇಲೆ ಯಾರಿದ್ದಾರೆ ಅಂತ ಯಾರೂ ಹೇಳಲಿಲ್ಲ.

ಐರ್ಲೆಂಡಿನಲ್ಲಿ ನೌಕಾಪಡೆ ಪ್ರತ್ಯೇಕ ಪಡೆ ಅಲ್ಲ. ಡಿಫೆನ್ಸ್ ಫೋರ್ಸಸ್ ಅಂತ ಒಂದೇ ಸಂಸ್ಥೆ. ಡಬ್ಲಿನ್‌ನಲ್ಲಿ ಚೀಫ್ ಆಫ್ ಸ್ಟಾಫ್ ಇರುತ್ತಾರೆ. ಅಧಿಕಾರ ಮಂತ್ರಿಯಿಂದ ಅವರಿಗೆ ಬರುತ್ತದೆ, ಅವರಿಂದ ಕೆಳಗೆ ಹಂಚಿಹೋಗುತ್ತದೆ. ಆ ಹಂಚಿಕೆಯ ಸಾಲಿನಲ್ಲಿ ಕಾರ್ಕ್‌ನ 1ನೇ ಬ್ರಿಗೇಡ್, ಡಬ್ಲಿನ್‌ನ 2ನೇ ಬ್ರಿಗೇಡ್, ತರಬೇತಿ ಕೇಂದ್ರ, ಏರ್ ಕೋರ್ (ಇಲ್ಲಿನ ವಾಯುಪಡೆ), ಕೊನೆಗೆ ನೇವಲ್ ಸರ್ವಿಸ್. ಅಂದರೆ ಇಡೀ ದೇಶದ ಸಮುದ್ರದ ಹೊಣೆ ಹೊತ್ತವರು ಭೂಸೇನೆಯ ಒಬ್ಬ ಬ್ರಿಗೇಡ್ ಮುಖ್ಯಸ್ಥರ ಸಮಕ್ಕೆ ಕೂರುತ್ತಾರೆ.

ಚೀಫ್ ಆಫ್ ಸ್ಟಾಫ್ ಕುರ್ಚಿಯಲ್ಲಿ ಸಾಮಾನ್ಯವಾಗಿ ಭೂಸೇನೆಯವರೇ. ಹಡಗಿನವರ ಮಾತು ಡಬ್ಲಿನ್ ಮುಟ್ಟುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಹಾಲ್‌ಬೋಲಿನ್ ಒಳಗಿನ ಎರಡು ಕಮಾಂಡ್‌ಗಳದ್ದು ತೊಂದರೆಯೇ ಅಲ್ಲ. ತೊಂದರೆ ಇರುವುದು ಅದರ ಮೇಲೆ.

ನಕ್ಷೆಪ್ರಿಯ
ನೌಕಾಪಡೆಯವರು ಚೀಫ್ ಆಗಿಯೇ ಇಲ್ಲವಾ?

ಹಾಸನ್_ಟು_ಡಬ್ಲಿನ್
ಆಗಿದ್ದಾರೆ. ಮಾರ್ಕ್ ಮೆಲೆಟ್, 2015ರಿಂದ 2021. ವೈಸ್ ಅಡ್ಮಿರಲ್. ಆ ಹುದ್ದೆಗೆ ಬಂದ ಮೊದಲ ನೌಕಾಪಡೆ ಅಧಿಕಾರಿ ಅವರೇ. ಪಡೆ ಹುಟ್ಟಿದ್ದು 1946ರಲ್ಲಿ. ಲೆಕ್ಕ ನೀವೇ ಹಾಕಿ.

ಬೈತಖೋಲ್
ಆದರೂ ಮಾರಾಯ್ರೆ, ಅವರ ಕಾಲದಲ್ಲೇ 2019ರಲ್ಲಿ ಜನ ಇಲ್ಲದೆ ಎರಡು ಹಡಗು ಕಟ್ಟಿಹಾಕಿದರು. ಫ್ಲ್ಯಾಗ್‌ಶಿಪ್ ಐನೇ, ಜೊತೆಗೆ ಓರ್ಲಾ. ಮೇಲೆ ನೌಕಾಪಡೆಯವರು ಕೂತರೆ ಎಲ್ಲ ಸರಿಹೋಗುತ್ತದೆ ಅನ್ನುವ ವಾದ ನಿಲ್ಲುವುದಿಲ್ಲ.

ಹಾಸನ್_ಟು_ಡಬ್ಲಿನ್
ಸಂಬಳ ತೀರ್ಮಾನ ಮಾಡುವುದು ಚೀಫ್ ಆಫ್ ಸ್ಟಾಫ್ ಅಲ್ಲ, ಸರ್ಕಾರ. ಅದಕ್ಕೇ ಹೇಳಿದ್ದು ತೊಂದರೆ ಮೇಲಿದೆ ಅಂತ.

ಶಿಫ್ಟ್‌ಮುಗೀತು
ನಾನು ಕಾರ್ಕ್‌ನಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯರು ಇದ್ದರು, ಹಿಂದೆ ನೇವಲ್ ಸರ್ವಿಸ್‌ನಲ್ಲಿ ಇದ್ದವರು. ನಾನು ಇಂಡಿಯಾದವಳು ಅಂತ ಗೊತ್ತಾದ ಕೂಡಲೇ 1985ರ ಮಾತು ತೆಗೆದರು. ಏರ್ ಇಂಡಿಯಾ ಕನಿಷ್ಕ. ಜೂನ್ 23. 329 ಜನ. ವಿಮಾನ ಬಿದ್ದದ್ದು ಇದೇ ನೈಋತ್ಯ ಕರಾವಳಿಯ ಆಚೆ, ಸುಮಾರು 190 ಕಿಲೋಮೀಟರ್ ದೂರದಲ್ಲಿ.

ಆವತ್ತು ಗಸ್ತಿನಲ್ಲಿದ್ದ ಎಲ್‌ಇ ಆಶ್ಲಿಂಗ್ ಹಡಗು ಅಲ್ಲಿಗೆ ಹೋಯಿತು. ಅದು ಮೀನುಗಾರಿಕೆ ಕಾವಲಿಗೆ ಅಂತ ಕಟ್ಟಿದ ಸಣ್ಣ ಹಡಗು. ಅದರ ಹುಡುಗರು ರಬ್ಬರ್ ದೋಣಿಯಲ್ಲಿ ಇಳಿದು, ಅಲೆಯ ನಡುವೆ ಶವಗಳನ್ನು ಕೈಯಿಂದ ಎತ್ತಿದರು. ಸಿಕ್ಕಿದ್ದು 131. ಕಾರ್ಕ್‌ನ ಆಸ್ಪತ್ರೆಗೆ ತಂದರು. ಅಹಕಿಸ್ಟಾ ಅನ್ನುವ ಪುಟ್ಟ ಊರಿನಲ್ಲಿ ಸ್ಮಾರಕ ಇದೆ, ಪ್ರತಿ ವರ್ಷ ಜೂನ್‌ನಲ್ಲಿ ಜನ ಸೇರುತ್ತಾರೆ.

ಆ ಹಿರಿಯರು ಹೇಳಿದ್ದು ಒಂದೇ ಮಾತು. ಹಡಗು ಕಡಲಲ್ಲಿ ಇತ್ತು, ಅದಕ್ಕೇ ಹೋಗಲು ಆಯಿತು ಅಂತ. ನೀವು ಯಾವ ಕಮಾಂಡ್ ಬೇಕು ಬೇಡ ಅಂತ ಚರ್ಚೆ ಮಾಡಿ. ಹಡಗು ಬಂದರಿನಲ್ಲಿ ಕಟ್ಟಿ ಬಿದ್ದಿದ್ದರೆ ಏನು ಗತಿ ಅಂತಲೂ ಯೋಚಿಸಿ.

ಕಾರ್ಕ್‌ಕನ್ನಡಿಗ
ಅಕ್ಕ, ಅಹಕಿಸ್ಟಾಗೆ ನಾನು ಹೋಗಿ ಬಂದಿದ್ದೇನೆ. ಗೋಡೆಯ ಮೇಲೆ ಹೆಸರುಗಳಿವೆ. ಓದುತ್ತಾ ಹೋದರೆ ಒಂದೇ ಮನೆತನದ ಹೆಸರು ಸಾಲಾಗಿ ಬರುತ್ತದೆ. ಪೂರ್ತಿ ಓದಲು ಆಗಲಿಲ್ಲ.

ಬೈತಖೋಲ್
ಆಶ್ಲಿಂಗ್ ಹಡಗಿನ ಮುಂದಿನ ಕತೆ ಬೇಜಾರಿನದು. 2016ರಲ್ಲಿ ಸೇವೆಯಿಂದ ತೆಗೆದರು, ಮರು ವರ್ಷ ಹರಾಜು. ಬಂದದ್ದು ಬರೀ 1,10,000 ಯೂರೋ. ಕೈಯಿಂದ ಕೈಗೆ ಹೋಗಿ ಕೊನೆಗೆ ಲಿಬಿಯಾದಲ್ಲಿ ಸೇನಾ ನಾಯಕ ಹಫ್ತಾರ್ ಪಡೆಯ ಯುದ್ಧನೌಕೆ ಆಯಿತು, ಅಲ್ ಕರಾಮಾ ಅಂತ ಹೆಸರು. ಅಷ್ಟು ಶವಗಳನ್ನು ಗೌರವದಿಂದ ಹೊತ್ತ ಹಡಗು ಅದು. ಮ್ಯೂಸಿಯಂ ಮಾಡಬಹುದಿತ್ತು.

ಪ್ರಶ್ನೆಗಾರ
ವಿಷಯಕ್ಕೆ ಬರೋಣವಾ? ಇವರು ದಿನಾ ಮಾಡುವ ಕೆಲಸ ಏನು? ಯುದ್ಧ ಅಂತೂ ಇಲ್ಲ. ಐರ್ಲೆಂಡ್ ನ್ಯಾಟೋದಲ್ಲೂ ಇಲ್ಲ.

ಕಾರ್ಕ್‌ಕನ್ನಡಿಗ
ಮುಖ್ಯವಾಗಿ ಮೀನುಗಾರಿಕೆ ಕಾವಲು. ಸ್ಪೇನ್, ಫ್ರಾನ್ಸ್‌ನಿಂದೆಲ್ಲ ಟ್ರಾಲರ್‌ಗಳು ಇಲ್ಲಿಗೆ ಬರುತ್ತವೆ. 12 ಮೀಟರಿಗಿಂತ ಉದ್ದದ ದೋಣಿಗಳಲ್ಲಿ ಜಾಗ ತಿಳಿಸುವ ಉಪಕರಣ ಇರಬೇಕು. ಆ ಮಾಹಿತಿ ಬಂದು ಸೇರುವ ಮಾನಿಟರಿಂಗ್ ಸೆಂಟರ್ ಕೂಡ ಹಾಲ್‌ಬೋಲಿನ್‌ನಲ್ಲೇ ಇದೆ. ಪರದೆಯ ಮೇಲೆ ಅನುಮಾನ ಬಂದರೆ ಹತ್ತಿರದ ಹಡಗಿಗೆ ಹೇಳುತ್ತಾರೆ. ಹಡಗಿನಿಂದ ರಬ್ಬರ್ ದೋಣಿಯಲ್ಲಿ ನಾಲ್ಕೈದು ಜನ ಹೋಗಿ, ಟ್ರಾಲರ್ ಪಕ್ಕಕ್ಕೆ ತಾಗಿಸಿ, ಏಣಿ ಹತ್ತಿ ಒಳಗೆ ಇಳಿಯುತ್ತಾರೆ. ಲಾಗ್ ಬುಕ್, ಬಲೆಯ ಕಣ್ಣಿನ ಅಳತೆ, ಕೆಳಗೆ ಐಸ್‌ನಲ್ಲಿರುವ ಮೀನು, ಎಲ್ಲ ತಾಳೆ ನೋಡುತ್ತಾರೆ. ತಪ್ಪು ಕಂಡರೆ ಬಂದರಿಗೆ ಕರೆತಂದು ಪೊಲೀಸರಿಗೆ, ಅಂದರೆ ಇಲ್ಲಿನ ಗಾರ್ಡಾಗೆ, ಒಪ್ಪಿಸುತ್ತಾರೆ.

ಅಟ್ಲಾಂಟಿಕ್‌ನ ಚಳಿಗಾಲದ ಅಲೆಯಲ್ಲಿ ಆ ಏಣಿ ಹತ್ತುವುದನ್ನು ವಿಡಿಯೋದಲ್ಲಿ ನೋಡಿದರೂ ಭಯ ಆಗುತ್ತದೆ.

ಮಲ್ಪೆ_ಹುಡುಗ
ಅಲ್ಲಿ ಮೀನುಗಾರಿಕೆ ಕಾವಲು ನೌಕಾಪಡೆ ಮಾಡುತ್ತದಾ? ನಮ್ಮಲ್ಲಿ ಮೂರು ಪದರ. ದಡದ ಹತ್ತಿರ ಕರಾವಳಿ ಕಾವಲು ಪೊಲೀಸ್, ಅವರ ಕೇಂದ್ರ ನಮ್ಮ ಮಲ್ಪೆಯಲ್ಲೇ ಇದೆ. ಅದರಾಚೆ ಕೋಸ್ಟ್ ಗಾರ್ಡ್, ಕರ್ನಾಟಕದ ಕಚೇರಿ ಪಣಂಬೂರು ಕಡೆ. ಅದಕ್ಕೂ ಆಚೆ ನೌಕಾಪಡೆ.

ಹೊರಗಿನವರಿಗೆ ಇದು ಚೆಂದ ಕಾಣಬಹುದು. 2018ರ ಡಿಸೆಂಬರ್‌ನಲ್ಲಿ ಸುವರ್ಣ ತ್ರಿಭುಜ ದೋಣಿ ಏಳು ಜನರ ಜೊತೆ ಕಾಣೆಯಾದಾಗ ನಮ್ಮ ಊರು ಅನುಭವಿಸಿದ್ದು ನಮಗೆ ಗೊತ್ತು. ಯಾರನ್ನು ಕೇಳಬೇಕು, ಯಾರು ಉತ್ತರ ಕೊಡುತ್ತಾರೆ ಅಂತ ಮನೆಯವರಿಗೆ ತಿಳಿಯಲಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಆಚೆ ದೋಣಿಯ ಅವಶೇಷ ಪತ್ತೆ ಮಾಡಿತು. ಅಲ್ಲಿಯವರೆಗೆ ಆ ಹೆಂಗಸರು ಕಾದದ್ದು ನಾನು ನೋಡಿದ್ದೇನೆ. ಕಮಾಂಡ್ ಎಷ್ಟಾದರೂ ಇರಲಿ. ದಡದಲ್ಲಿ ನಿಂತವರಿಗೆ ಒಂದು ಬಾಗಿಲು, ಒಂದು ಫೋನ್ ನಂಬರ್ ಇರಬೇಕು. ನನ್ನ ವಾದ ಇಷ್ಟೇ.

ಅರ್ಗಾದವ
ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ ತಮ್ಮಾ. ನೌಕಾಪಡೆಯ ವ್ಯವಸ್ಥೆ ನೌಕಾಪಡೆಗೆ ಅರ್ಥವಾದರೆ ಸಾಲದು.

ಹಾಸನ್_ಟು_ಡಬ್ಲಿನ್
ಮಲ್ಪೆ ಅವರೇ, ಇಲ್ಲಿ ಆ ಒಂದು ವಿಷಯ ಸ್ಪಷ್ಟವಾಗಿದೆ. ಅಪಾಯದಲ್ಲಿ ಸಿಕ್ಕವರ ಹುಡುಕಾಟ ಐರಿಶ್ ಕೋಸ್ಟ್ ಗಾರ್ಡಿನ ಹೊಣೆ. ಅದು ಸೇನೆಯಲ್ಲ, ಸಾರಿಗೆ ಇಲಾಖೆ ಕೆಳಗಿನ ನಾಗರಿಕ ಸಂಸ್ಥೆ. ಡಬ್ಲಿನ್, ವ್ಯಾಲೆನ್ಶಿಯಾ, ಮಾಲಿನ್ ಹೆಡ್, ಈ ಮೂರು ಕಡೆ ಕೇಂದ್ರಗಳಿವೆ. ತುರ್ತು ಕರೆ ಅವರಿಗೆ ಹೋಗುತ್ತದೆ, ಅವರು ನೌಕಾಪಡೆಯ ಹಡಗು ಬೇಕಾದರೆ ಕೇಳುತ್ತಾರೆ. ಆದರೆ ಕೋಸ್ಟ್ ಗಾರ್ಡ್ ಹತ್ತಿರ ಸ್ವಂತ ದೊಡ್ಡ ಗಸ್ತು ಹಡಗು ಇಲ್ಲ. ಕಡಲಲ್ಲಿ ಕಾನೂನು ಕಾಯುವ ಕೆಲಸವೆಲ್ಲ ನೇವಲ್ ಸರ್ವಿಸ್ ತಲೆ ಮೇಲೆ.

ಈಗ ನೋಡಿ, ಆಪರೇಷನ್ಸ್ ಕಮಾಂಡ್ ಬಾಗಿಲಲ್ಲಿ ಯಾರ್ಯಾರು ನಿಂತಿರುತ್ತಾರೆ ಅಂತ. ಮೀನುಗಾರಿಕೆ ಪ್ರಾಧಿಕಾರದವರು ತಪಾಸಣೆ ಮಾಡಿ ಅನ್ನುತ್ತಾರೆ. ಗಾರ್ಡಾ, ಕಸ್ಟಮ್ಸ್‌ನವರು ಡ್ರಗ್ಸ್ ಹಡಗು ಹಿಡಿಯಿರಿ ಅನ್ನುತ್ತಾರೆ. ಕೋಸ್ಟ್ ಗಾರ್ಡಿನವರು ಹುಡುಕಾಟಕ್ಕೆ ಬನ್ನಿ ಅನ್ನುತ್ತಾರೆ. ಡಿಫೆನ್ಸ್‌ನವರು ರಷ್ಯಾದ ಹಡಗು ಬಂದಿದೆ, ಹಿಂಬಾಲಿಸಿ ಅನ್ನುತ್ತಾರೆ. ಒಂದೇ ವಾರ ಎಲ್ಲರೂ ಬರಬಹುದು. ಕಡಲಲ್ಲಿ ಇರುವುದು ಒಂದೋ ಎರಡೋ ಹಡಗು.

ಅಂದರೆ ಆ ಕ್ಯಾಪ್ಟನ್ ಕೆಲಸ ಆದೇಶ ಕೊಡುವುದಕ್ಕಿಂತ ಹೆಚ್ಚಾಗಿ "ಈಗ ಆಗಲ್ಲ" ಅಂತ ಹೇಳುವುದು. ದೊಡ್ಡ ನೌಕಾಪಡೆಯಲ್ಲಿ ಒಂದು ಹಡಗು ಇಲ್ಲ ಅಂದರೆ ಇನ್ನೊಂದು ಕಳಿಸುತ್ತಾರೆ. ಚಿಕ್ಕದರಲ್ಲಿ ಒಂದು ಕೆಲಸಕ್ಕೆ ಹೂಂ ಅಂದರೆ ಇನ್ನೊಂದಕ್ಕೆ ಊಹೂಂ ಅಂದ ಹಾಗೆ. ಇದಕ್ಕೆ ದರ್ಜೆ ಬೇಕು, ಬೆನ್ನ ಹಿಂದೆ ಬಲ ಬೇಕು. ಮೇಲೆ ಕಮೊಡೋರ್ ಒಂದೇ ನಕ್ಷತ್ರದ, ಅಂದರೆ ಅಡ್ಮಿರಲ್‌ಗಳಿಗಿಂತ ಕೆಳಗಿನ ದರ್ಜೆಯ, ಅಧಿಕಾರಿ ಆದರೆ ಡಬ್ಲಿನ್‌ನ ಇಲಾಖೆಗಳಿಗೆ ಇಲ್ಲ ಅನ್ನುವುದು ಎಷ್ಟು ಕಷ್ಟ ಹೇಳಿ.

ಕಾರ್ಕ್‌ಕನ್ನಡಿಗ
ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಚಿಕ್ಕ ಪಡೆಯಲ್ಲಿ ಆಪರೇಷನ್ಸ್ ಕಮಾಂಡಿನ ಕೆಲಸ ಕಡಿಮೆ ಇರಬಹುದು ಅಂತ ನಾನು ಅಂದುಕೊಂಡದ್ದು. ಇದು ಉಲ್ಟಾ.

ನಕ್ಷೆಪ್ರಿಯ
ರಷ್ಯಾದ ಮಾತು ಬಂತಲ್ಲ, 2022ರ ಜನವರಿ ನೆನಪಿದೆಯಾ? ನೈಋತ್ಯ ಕರಾವಳಿಯಿಂದ ಸುಮಾರು 240 ಕಿಲೋಮೀಟರ್ ಆಚೆ ಕ್ಷಿಪಣಿ ಅಭ್ಯಾಸ ಮಾಡುತ್ತೇವೆ ಅಂತ ರಷ್ಯಾ ಹೇಳಿತು. ಐರ್ಲೆಂಡಿನ ಮೀನುಗಾರರು "ಅದು ನಮ್ಮ ಮೀನಿನ ಜಾಗ, ನಾವು ಅಲ್ಲಿಗೇ ಹೋಗುತ್ತೇವೆ" ಅಂದರು. ರಾಯಭಾರಿ ಜೊತೆ ಮಾತುಕತೆಯೂ ಆಯಿತು. ಕೊನೆಗೆ ರಷ್ಯಾ ಅಭ್ಯಾಸದ ಜಾಗವನ್ನು ಐರ್ಲೆಂಡಿನ ಆರ್ಥಿಕ ವಲಯದ, ಅಂದರೆ ಮೀನು, ಸಂಪತ್ತಿನ ಹಕ್ಕು ಐರ್ಲೆಂಡಿಗೆ ಇರುವ ಸಮುದ್ರದ, ಆಚೆಗೆ ಸರಿಸಿತು.

ಮಲ್ಪೆ_ಹುಡುಗ
ಶಹಭಾಸ್! ಮೀನುಗಾರರು ಅಂದರೆ ಹಾಗೆ.

ಬೈತಖೋಲ್
ಮೀನುಗಾರರ ಧೈರ್ಯ ಸರಿ. ಆದರೆ ಒಂದು ದೇಶದ ರಕ್ಷಣೆ ಅವರ ಹೆಗಲಿಗೆ ಬೀಳಬಾರದು ಅಲ್ವಾ? ನನಗೆ ಅದರಲ್ಲಿ ಸಂತೋಷಕ್ಕಿಂತ ಚಿಂತೆ ಜಾಸ್ತಿ. ಸಮುದ್ರದ ಕೆಳಗೆ ಅಟ್ಲಾಂಟಿಕ್ ದಾಟುವ ಇಂಟರ್ನೆಟ್ ಕೇಬಲ್‌ಗಳಿವೆ. ಇವರ ಈಗಿನ ಹಡಗುಗಳಲ್ಲಿ ನೀರಿನಡಿ ಕೇಳುವ ಸೋನಾರ್ ಇರಲಿಲ್ಲ. 2025ರಲ್ಲಷ್ಟೇ ಥೇಲ್ಸ್ ಕಂಪನಿ ಜೊತೆ ಎಳೆದೊಯ್ಯುವ ಸೋನಾರ್‌ಗೆ ಒಪ್ಪಂದ ಆಯಿತು. ಆಪರೇಷನ್ಸ್ ರೂಮ್ ಎಷ್ಟೇ ಚೆನ್ನಾಗಿರಲಿ, ಕಿವಿ ಇಲ್ಲದಿದ್ದರೆ ಏನು ಪ್ರಯೋಜನ?

ಹಾಸನ್_ಟು_ಡಬ್ಲಿನ್
2024ರ ನವೆಂಬರ್‌ನಲ್ಲಿ ರಷ್ಯಾದ ಬೇಹುಗಾರಿಕೆ ಹಡಗು ಯಾಂತರ್ ಐರಿಶ್ ಸಮುದ್ರಕ್ಕೆ ಬಂದಾಗ ಎಲ್‌ಇ ಜೇಮ್ಸ್ ಜಾಯ್ಸ್ ಜೊತೆಜೊತೆಗೆ ಹೋಗಿ ಆರ್ಥಿಕ ವಲಯದ ಆಚೆ ಬಿಟ್ಟುಬಂತು. ಕಣ್ಣಾದರೂ ಇದೆ.

ಪ್ರಶ್ನೆಗಾರ
ವಿಮಾನ?

ಅರ್ಗಾದವ
ಇದಕ್ಕೇ ನಾನು ಬರಬೇಕು ಅಂತಿದ್ದೆ. ನಮ್ಮ ನೌಕಾಪಡೆಗೆ ಸ್ವಂತ ವಿಮಾನ ಇದೆ, ಪಿ8ಐ, ಡಾರ್ನಿಯರ್, ಹೆಲಿಕಾಪ್ಟರ್. ಐರ್ಲೆಂಡಿನಲ್ಲಿ ಸಮುದ್ರ ನೋಡುವ ವಿಮಾನ ಏರ್ ಕೋರ್‌ನದು. ಇರುವುದು ಡಬ್ಲಿನ್ ಹತ್ತಿರದ ಬಾಲ್ಡನೆಲ್‌ನಲ್ಲಿ. 2023ರಲ್ಲಿ ಎರಡು ಹೊಸ ಸಿ295 ಬಂದವು. ಆ ವಿಮಾನ ಹಾರಬೇಕು ಅಂದರೆ ಹಾಲ್‌ಬೋಲಿನ್‌ನವರು ಆದೇಶ ಕೊಡುವ ಹಾಗಿಲ್ಲ, ಕೇಳಿಕೊಳ್ಳಬೇಕು. ಬೇರೆ ಮುಖ್ಯಸ್ಥ, ಬೇರೆ ಸಾಲು. ಇಬ್ಬರೂ ಸೇರುವ ಜಾಗ ಡಬ್ಲಿನ್.

ನನ್ನ ಪ್ರಕಾರ ಚಿಕ್ಕ ನೌಕಾಪಡೆಯ ಕಮಾಂಡ್‌ನ ನಿಜವಾದ ಪರೀಕ್ಷೆ ಇದು. ಹಡಗಿನ ಕ್ಯಾಪ್ಟನ್‌ಗೆ ರಾತ್ರಿ ಎರಡು ಗಂಟೆಗೆ ಮೇಲಿನಿಂದ ಒಂದು ಕಣ್ಣು ಬೇಕಾದರೆ, ಎಷ್ಟು ಬಾಗಿಲು ತಟ್ಟಬೇಕು?

ಹಾಸನ್_ಟು_ಡಬ್ಲಿನ್
ಎಂವಿ ಮ್ಯಾಥ್ಯೂ ಕಾರ್ಯಾಚರಣೆ ಇದಕ್ಕೆ ಒಳ್ಳೆ ಉತ್ತರ. 2023ರ ಸೆಪ್ಟೆಂಬರ್ 26. ದೊಡ್ಡ ಸರಕು ಹಡಗು, ಒಳಗೆ 2.2 ಟನ್‌ಗೂ ಹೆಚ್ಚು ಕೊಕೇನ್, ಬೆಲೆ ಸುಮಾರು 15.7 ಕೋಟಿ ಯೂರೋ. ಮಾಲು ಇಳಿಸಿಕೊಳ್ಳಲು ಬಂದಿದ್ದ ಟ್ರಾಲರ್ ವೆಕ್ಸ್‌ಫರ್ಡ್ ಕರಾವಳಿಯ ಮರಳು ದಿಬ್ಬಕ್ಕೆ ಸಿಕ್ಕಿಕೊಂಡಿತು. ಎಲ್‌ಇ ವಿಲಿಯಂ ಬಟ್ಲರ್ ಯೇಟ್ಸ್ ಮ್ಯಾಥ್ಯೂವನ್ನು ಬೆನ್ನಟ್ಟಿ ಎಚ್ಚರಿಕೆಯ ಗುಂಡು ಹಾರಿಸಿತು. ಅದು ನಿಲ್ಲಲಿಲ್ಲ. ಆಗ ಏರ್ ಕೋರ್ ಹೆಲಿಕಾಪ್ಟರ್‌ನಿಂದ ಭೂಸೇನೆಯ ರೇಂಜರ್ ತುಕಡಿ ಹಗ್ಗ ಹಿಡಿದು ಓಡುತ್ತಿದ್ದ ಹಡಗಿನ ಮೇಲೆ ಇಳಿಯಿತು.

ನೌಕಾಪಡೆ, ಭೂಸೇನೆ, ಏರ್ ಕೋರ್, ಗಾರ್ಡಾ, ಕಸ್ಟಮ್ಸ್, ಐದೂ ಒಂದೇ ಬೆಳಿಗ್ಗೆ. 1993ರಿಂದಲೇ ಡ್ರಗ್ಸ್ ತಡೆಗೆ ಜಂಟಿ ಕಾರ್ಯಪಡೆ ಇದೆ, ಲಿಸ್ಬನ್‌ನಲ್ಲಿ ಹಲವು ಯುರೋಪ್ ದೇಶಗಳ ಮಾಹಿತಿ ಕೇಂದ್ರ ಇದೆ. ಹಾಗಾಗಿ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆ. ದೇಶ ಚಿಕ್ಕದಾಗಿರುವುದರ ಲಾಭ ಇದು. ಅವತ್ತು ಕಮಾಂಡ್ ಸಾಲು ಅಡ್ಡ ಬರಲಿಲ್ಲ.

ಅರ್ಗಾದವ
ಅವತ್ತು ಬರಲಿಲ್ಲ, ಸರಿ. ಅದು ಮೊದಲೇ ಮಾಹಿತಿ ಸಿಕ್ಕ, ತಯಾರಿ ಮಾಡಿದ ಕಾರ್ಯಾಚರಣೆ. ತಯಾರಿ ಇದ್ದಾಗ ಎಲ್ಲ ವ್ಯವಸ್ಥೆಯೂ ಓಡುತ್ತದೆ. ನಾನು ಕೇಳುತ್ತಿರುವುದು ತಯಾರಿ ಇಲ್ಲದ ರಾತ್ರಿಯ ಬಗ್ಗೆ.

ವೆಲ್ಲಿಂಗ್ಟನ್_ವಿ
ನ್ಯೂಜಿಲೆಂಡಿನಿಂದ ಒಂದು ಮಾತು. ಇಲ್ಲಿ ಆ ಗಂಟನ್ನು ಬೇರೆ ರೀತಿ ಬಿಡಿಸಿದ್ದಾರೆ. ಚೀಫ್ ಆಫ್ ನೇವಿ ಹಡಗು, ಸಿಬ್ಬಂದಿ, ತರಬೇತಿ ನೋಡಿಕೊಳ್ಳುತ್ತಾರೆ. ಕಾರ್ಯಾಚರಣೆಗೆ ಹೊರಟ ಹಡಗಿನ ಹೊಣೆ ಜಂಟಿ ಪಡೆಗಳ ಕೇಂದ್ರದ್ದು. ವೆಲ್ಲಿಂಗ್ಟನ್ ಹತ್ತಿರದ ಟ್ರೆಂಥಮ್‌ನಲ್ಲಿದೆ, 2001ರಿಂದ. ಅಲ್ಲಿ ನೌಕಾಪಡೆಗೆ ಒಬ್ಬ ಮ್ಯಾರಿಟೈಮ್ ಕಾಂಪೊನೆಂಟ್ ಕಮಾಂಡರ್, ಪಕ್ಕದಲ್ಲೇ ಭೂಸೇನೆ ಮತ್ತು ವಾಯುಪಡೆಯವರು. ವಿಮಾನ ಬೇಕಾದರೆ ಪಕ್ಕದವರನ್ನು ಕೇಳಿದರೆ ಆಯಿತು.

ಇದರಿಂದ ಎಲ್ಲ ಸರಿಹೋಗಿದೆ ಅಂತ ಹೇಳುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಮನವನುಯಿ ಹಡಗು ಸಮೋವಾ ಹತ್ತಿರ ಬಂಡೆಸಾಲಿಗೆ ಬಡಿದು ಮುಳುಗಿತು. 75 ಜನರೂ ಬದುಕಿದರು, ಅದೇ ದೊಡ್ಡದು. ಆಟೋಪೈಲಟ್ ಚಾಲೂ ಇದ್ದದ್ದು ಯಾರಿಗೂ ಗೊತ್ತಾಗಿರಲಿಲ್ಲ ಅಂತ ವಿಚಾರಣೆಯಲ್ಲಿ ಹೊರಬಂತು. ತರಬೇತಿ, ಅನುಭವದ ಕೊರತೆಯ ಮಾತೂ ಬಂತು. ಅದನ್ನು ಯಾವ ಕಮಾಂಡ್ ನಕ್ಷೆಯೂ ತಡೆಯುವುದಿಲ್ಲ.

ಅಂದ ಹಾಗೆ ಐರ್ಲೆಂಡಿನ ಹೊಸ ಎರಡು ಚಿಕ್ಕ ಹಡಗುಗಳು, ಇವನ್, ಗೊಬ್ನಟ್, ನಮ್ಮವೇ. ಇಲ್ಲಿ ರೊಟೊಯಿತಿ, ಪುಕಾಕಿ ಅಂತ ಇದ್ದವು. 2.6 ಕೋಟಿ ಯೂರೋಗೆ ಕೊಂಡರು.

ಬೈತಖೋಲ್
ಟ್ರೆಂಥಮ್ ಮಾದರಿ ಐರ್ಲೆಂಡಿಗೆ ತಂದರೆ ಹಾಲ್‌ಬೋಲಿನ್ ಆಪರೇಷನ್ಸ್ ಕಮಾಂಡ್ ಡಬ್ಲಿನ್‌ಗೆ ಹೋಗುತ್ತದೆ. ಹಡಗು, ಅದರ ಜನ, ಅದರ ರಿಪೇರಿ ಕಾರ್ಕ್‌ನಲ್ಲಿ, ತೀರ್ಮಾನ ಮಾತ್ರ ಡಬ್ಲಿನ್‌ನಲ್ಲಿ. ನನಗೆ ಇಷ್ಟ ಆಗಲಿಲ್ಲ. ಜೆಟ್ಟಿ ಮೇಲೆ ನಡೆದು ಹೋಗಿ ಹಡಗಿನ ಕ್ಯಾಪ್ಟನ್ ಮುಖ ನೋಡಿ ಮಾತಾಡುವುದಕ್ಕೆ ಬೆಲೆ ಇದೆ.

ವೆಲ್ಲಿಂಗ್ಟನ್_ವಿ
ನಮ್ಮ ನೌಕಾನೆಲೆ ಆಕ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ, ಟ್ರೆಂಥಮ್ ಉತ್ತರ ದ್ವೀಪದ ಇನ್ನೊಂದು ತುದಿಯಲ್ಲಿ. ಆದರೂ ನಡೆಯುತ್ತಿದೆ. ದೂರ ಅಡ್ಡಿ ಅಲ್ಲ.

ಬೈತಖೋಲ್
ನಡೆಯುತ್ತಿದೆ ಅನ್ನುವುದಕ್ಕೂ ಚೆನ್ನಾಗಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ.

ಅರ್ಗಾದವ
ಇಬ್ಬರೂ ಸ್ವಲ್ಪ ನಿಧಾನ. ಕಾರವಾರದ ಉದಾಹರಣೆ ಕೊಡುತ್ತೇನೆ. ಐಎನ್‌ಎಸ್ ಕದಂಬ 2005ರಲ್ಲಿ ಶುರುವಾಯಿತು. ಅಲ್ಲಿ ಕರ್ನಾಟಕ ನೌಕಾ ವಲಯಕ್ಕೆ ಒಬ್ಬ ರಿಯರ್ ಅಡ್ಮಿರಲ್, ಅವರ ಮೇಲೆ ಮುಂಬೈನ ಪಶ್ಚಿಮ ಕಮಾಂಡ್. ಹಡಗು ರಿಪೇರಿ ಯಾರ್ಡ್ ಕಾರವಾರದಲ್ಲೇ ಇದೆ. ಆದರೆ ಫ್ಲೀಟ್ ಹಡಗು ಎಲ್ಲಿಗೆ ಹೋಗಬೇಕು ಅನ್ನುವುದು ಮುಂಬೈ ಮಾತು. ದೂರದಿಂದ ಆದೇಶ ಬರುವುದು ನೌಕಾಪಡೆಗೆ ಹೊಸತಲ್ಲ. ಆದೇಶ ಕೊಡುವವನು ಹಡಗಿನ ಸ್ಥಿತಿ ಗೊತ್ತಿರುವವನ ಮಾತು ಕೇಳಬೇಕು, ಅಷ್ಟೇ. ಕಿವಿ ಕೊಡದವನು ಪಕ್ಕದ ಕೋಣೆಯಲ್ಲಿ ಕೂತಿದ್ದರೂ ದೂರವೇ.

ಶಿಫ್ಟ್‌ಮುಗೀತು
ಎಲ್ಲರೂ ಮೇಲಿನವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೆಳಗಿನವರು ಯಾಕೆ ಬಿಟ್ಟುಹೋಗುತ್ತಿದ್ದಾರೆ ಅಂತ ಯಾರಾದರೂ ಹೇಳಿ. ಆಸ್ಪತ್ರೆಯಲ್ಲೂ ಇದೇ. ಮ್ಯಾನೇಜರ್ ಹುದ್ದೆ ಎಷ್ಟಿದ್ದರೇನು, ರಾತ್ರಿ ಪಾಳಿಗೆ ನರ್ಸ್ ಇಲ್ಲದಿದ್ದರೆ ವಾರ್ಡ್ ಮುಚ್ಚಬೇಕು.

ಕಾರ್ಕ್‌ಕನ್ನಡಿಗ
ಇದು ನನಗೆ ಸ್ವಲ್ಪ ಗೊತ್ತು ಅಕ್ಕ. ಹಾಲ್‌ಬೋಲಿನ್ ಎದುರಿನ ರಿಂಗಸ್ಕಿಡ್ಡಿಯಲ್ಲಿ ಸಾಲುಸಾಲು ಔಷಧ ಕಾರ್ಖಾನೆಗಳು. ಹಡಗಿನ ಎಲೆಕ್ಟ್ರಿಕಲ್, ಇಂಜಿನ್ ಕೆಲಸ ಕಲಿತವರಿಗೆ ಅಲ್ಲಿ ಕೈತುಂಬ ಸಂಬಳ, ಸಂಜೆ ಮನೆ. ನೌಕಾಪಡೆಯಲ್ಲಿ ಎರಡು ವರ್ಷ ಹಡಗು, ಎರಡು ವರ್ಷ ದಡ ಅನ್ನುವ ಸರದಿ. ಜನ ಕಡಿಮೆಯಾದ ಹಾಗೆ ಉಳಿದವರ ಸರದಿ ಬಿಗಿಯಾಗುತ್ತದೆ. ಆಗ ಅವರೂ ಬಿಡುತ್ತಾರೆ. 2021ರಲ್ಲಿ ಹಡಗಿನಲ್ಲಿ ಎರಡು ವರ್ಷ ಇರುತ್ತೇನೆ ಅಂತ ಒಪ್ಪಿದವರಿಗೆ 10,000 ಯೂರೋ ಕೊಡುವ ಯೋಜನೆ ತಂದರು. ಆದರೂ 2022ರ ಜುಲೈನಲ್ಲಿ ಐನೇ, ಓರ್ಲಾ, ಕೀರಾ ಮೂರೂ ಒಂದೇ ದಿನ ಸೇವೆಯಿಂದ ಹೊರಬಂದವು.

ಪ್ರಶ್ನೆಗಾರ
ನಮ್ಮವರು ಸೇರಬಹುದಾ?

ಕಾರ್ಕ್‌ಕನ್ನಡಿಗ
ಪೌರತ್ವ ಪಡೆದವರಿಗೆ ಅಡ್ಡಿಯಿಲ್ಲ. ಕಾನೂನುಬದ್ಧವಾಗಿ ಕೆಲವು ವರ್ಷ ಇಲ್ಲಿ ಇದ್ದವರಿಗೂ ದಾರಿ ಇದೆ, ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವಾಗ ನೋಡಿಕೊಳ್ಳಿ. ನಮ್ಮ ಪೈಕಿ ಒಬ್ಬರ ಮಗ ಆಸಕ್ತಿ ತೋರಿಸುತ್ತಿದ್ದಾನೆ, ಅಮ್ಮನಿಗೆ ಸುತಾರಾಂ ಇಷ್ಟ ಇಲ್ಲ.

ಶಿಫ್ಟ್‌ಮುಗೀತು
ಅಮ್ಮನ ಪರವಾಗಿ ನನ್ನ ಒಂದು ಓಟು. ಆ ಏಣಿ ಹತ್ತುವ ವಿಷಯ ಓದಿದ ಮೇಲೆ ಇನ್ನೂ ಜಾಸ್ತಿ.

ಅರ್ಗಾದವ
ಹುಡುಗನ ಪರವಾಗಿ ನನ್ನದು.

ನಕ್ಷೆಪ್ರಿಯ
ಹಾಗಾದರೆ ಈ ಮೇಲಿನ ರಚನೆ ಬದಲಾಗುತ್ತದಾ ಇಲ್ಲವಾ? ಡಿಫೆನ್ಸ್ ಫೋರ್ಸಸ್ ಆಯೋಗದ ವರದಿ ಬಂದಿತ್ತಲ್ಲ?

ಹಾಸನ್_ಟು_ಡಬ್ಲಿನ್
2022ರ ಫೆಬ್ರುವರಿಯಲ್ಲಿ ಬಂತು. ನೌಕಾಪಡೆಗೆ ಭೂಸೇನೆ, ವಾಯುಪಡೆಯ ಸಮಾನ ಸ್ಥಾನ, ಮೂರಕ್ಕೂ ಒಬ್ಬೊಬ್ಬ ಮುಖ್ಯಸ್ಥ, ಎಲ್ಲರ ಮೇಲೆ ಒಬ್ಬ ಚೀಫ್ ಆಫ್ ಡಿಫೆನ್ಸ್ ಅಂತ ಅದರ ಸಲಹೆ. ಒಂಬತ್ತು ಹಡಗಿನ ಪಡೆ, ಜೊತೆಗೆ ಒಂದು ಹಡಗಿಗೆ ಎರಡು ತಂಡ ಸಿಬ್ಬಂದಿ ಅನ್ನುವ ಮಾತೂ ಇದೆ. ಒಂದು ತಂಡ ದಡಕ್ಕೆ ಬಂದರೆ ಇನ್ನೊಂದು ತಂಡ ಅದೇ ಹಡಗು ತೆಗೆದುಕೊಂಡು ಹೋಗುತ್ತದೆ. ವರದಿ ಮುಂದಿಟ್ಟ ಮೂರು ಹಂತದ ಗುರಿಗಳಲ್ಲಿ ಎರಡನೆಯದನ್ನು ಸರ್ಕಾರ ಅದೇ ವರ್ಷ ಜುಲೈನಲ್ಲಿ ಒಪ್ಪಿತು. 2028ರ ಹೊತ್ತಿಗೆ ರಕ್ಷಣಾ ಬಜೆಟ್ 150 ಕೋಟಿ ಯೂರೋಗೆ ಏರಿಸುವ ಮಾತು ಕೊಟ್ಟಿತು.

ನೌಕಾಪಡೆ ಮುಖ್ಯಸ್ಥರಿಗೆ ಎರಡು ನಕ್ಷತ್ರದ ದರ್ಜೆ ಸಿಕ್ಕಿದರೆ ಇಲಾಖೆಗಳ ಮುಂದೆ "ಈಗ ಆಗಲ್ಲ" ಅನ್ನುವ ಮಾತಿಗೆ ತೂಕ ಬರುತ್ತದೆ. ನಾನು ಇದನ್ನು ಗಟ್ಟಿಯಾಗಿ ಬೆಂಬಲಿಸುತ್ತೇನೆ.

ಬೈತಖೋಲ್
ಒಂದು ತಂಡಕ್ಕೇ ಜನ ಇಲ್ಲ, ಎರಡು ತಂಡ ಎಲ್ಲಿಂದ ತರುತ್ತಾರೆ? ಪಿ61, ಪಿ62 ತರಹದ ಒಂದು ಹಡಗಿಗೆ 44 ಜನ ಬೇಕು. ಮೊದಲು ಸಂಬಳ, ವಸತಿ. ನಕ್ಷತ್ರ ಆಮೇಲೆ.

ಹಾಸನ್_ಟು_ಡಬ್ಲಿನ್
ಸಂಬಳಕ್ಕಾಗಿ ಡಬ್ಲಿನ್‌ನಲ್ಲಿ ಜಗಳ ಆಡುವವರು ಯಾರು? ಆ ನಕ್ಷತ್ರ ಇರುವವರು. ಎರಡೂ ಒಟ್ಟಿಗೇ ಆಗಬೇಕು.

ಅರ್ಗಾದವ
ಎರಡು ತಂಡ ಅಂದರೆ ರಿಪೇರಿಗೆ ಸಮಯ ಕಡಿಮೆ ಅಂತಲೂ ಅರ್ಥ. ಹಡಗು ಜಾಸ್ತಿ ಓಡುತ್ತದೆ, ಇಂಜಿನ್ ಬೇಗ ಸವೆಯುತ್ತದೆ. ಜೊತೆಗೆ ಇನ್ನೊಬ್ಬರು ಓಡಿಸಿದ ಯಂತ್ರದ ಗುಣ ಎರಡನೇ ತಂಡಕ್ಕೆ ಗೊತ್ತಿರುವುದಿಲ್ಲ. ಪಾಳಿ ಬದಲಾಗುವಾಗ ಒಂದು ವಾಲ್ವ್ ಸೋರುತ್ತಿದೆ ಅಂತ ಹೇಳುವುದು ಮರೆತರೆ ಮುಂದಿನವನು ಅನುಭವಿಸುತ್ತಾನೆ. ಆದ್ದರಿಂದ ಸಪೋರ್ಟ್ ಕಮಾಂಡಿಗೆ ಜನ, ಬಿಡಿಭಾಗ, ದುಡ್ಡು ಮೊದಲು ಕೊಡಬೇಕು. ಆಪರೇಷನ್ಸ್ ಎಷ್ಟೇ ದೊಡ್ಡದಾದರೂ ಇದು ಬಡವಾಗಿದ್ದರೆ ಹಡಗು ಹೊರಡುವುದಿಲ್ಲ.

ಕಾರ್ಕ್‌ಕನ್ನಡಿಗ
ಸರ್, ಹಾಗಾದರೆ ಒಂದು ಪ್ರಶ್ನೆ. ಎರಡು ತಂಡದ ಪದ್ಧತಿ ನಮ್ಮ ನೌಕಾಪಡೆಯಲ್ಲಿ ಎಲ್ಲಾದರೂ ಇದೆಯಾ?

ಅರ್ಗಾದವ
ನಾನು ಕೆಲಸ ಮಾಡಿದ ಹಡಗುಗಳಲ್ಲಿ ಇರಲಿಲ್ಲ. ಬ್ರಿಟನ್ನಿನವರ ಪರಮಾಣು ಕ್ಷಿಪಣಿ ಸಬ್‌ಮರೀನ್‌ಗಳಿಗೆ ಎರಡು ತಂಡ ಇರುತ್ತದೆ. ಮೇಲೆ ಓಡುವ ಸಣ್ಣ ಗಸ್ತು ಹಡಗಿನ ಅನುಭವ ಇರುವವರು ಯಾರಾದರೂ ಇಲ್ಲಿದ್ದರೆ ಬರೆಯಿರಿ. ಪಾಳಿ ಒಪ್ಪಿಸುವ ದಿನ ಇಂಜಿನ್ ರೂಮ್‌ನಲ್ಲಿ ಏನೇನು ನೋಡುತ್ತೀರಿ ಅಂತ ನನಗೆ ತಿಳಿಯಬೇಕು.